ಬಿಳಿ ಮುಸುಕಿನ ಮರಿಯಂ



2015ನೇ ಇಸವಿ ಮೇ 17ರಂದು ರೋಮಿನ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಅವರು ನಾಲ್ವರು ಸನ್ಯಾಸಿನಿಯರನ್ನು ಸಂತರೆಂದು ಸಾರಿದರು. ಅವರಲ್ಲಿ ಇಬ್ಬರು ಪ್ಯಾಲೆಸ್ಟೀನ್ ನೆಲದವರು. ಪತ್ರಿಕೆಗಳೆಲ್ಲ ಆ ಇಬ್ಬರ ಬಗ್ಗೆ, ಸಮಾರಂಭಕ್ಕೆ ಬಂದಿದ್ದ ಪ್ಯಾಲೆಸ್ಟೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ಬಗ್ಗೆ ಬರೆದವು. ಆ ಇಬ್ಬರಲ್ಲಿ ಒಬ್ಬಾಕೆ, ಮರಿಯಂ ಬವಾರ್ದಿ, ನಮ್ಮ ಕರ್ನಾಟಕದಲ್ಲಿ ಸುಮಾರು ಎರಡು ವರ್ಷ ಬಾಳಿದವಳು. 1870ರ ಕೊನೆಗೆ ಹಡಗಿನಲ್ಲಿ ಮಂಗಳೂರಿಗೆ ಬಂದಳು. ಅಲ್ಲಿ ಮಠದ ಕೆಲಸಗಳಿಗೆ ಹೆಗಲು ಕೊಟ್ಟಳು, ಅಲ್ಲೇ ಸನ್ಯಾಸದ ವ್ರತ ತೊಟ್ಟಳು. 1872ರಲ್ಲಿ ಅಲ್ಲಿಂದಲೇ ಆಕೆಯನ್ನು ವಾಪಸು ಕಳಿಸಿಬಿಟ್ಟರು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ಸಂತರೇನು ಹೊಸಬರಲ್ಲ. ತೋಟದಲ್ಲಿ ಕೂತು ತಪಸ್ಸು ಮಾಡಿದ್ದಕ್ಕೇ ತೋಂಟದ ಸಿದ್ಧಲಿಂಗರೆಂದು ಹೆಸರಾದವರ ಗದ್ದುಗೆ ಎಡೆಯೂರಿನಲ್ಲಿದೆ. ಚಿಕ್ಕನಾಯಕನಹಳ್ಳಿಯಲ್ಲಿ ತಾತಯ್ಯನವರ ಗೋರಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರು ನಮ್ಮಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಕ್ರೈಸ್ತ ಗುರುಗಳೂ ನಮ್ಮ ಕಡೆಗೆ ಬಹಳ ಹಿಂದೆಯೇ ಬಂದಿದ್ದರು. ಪಕ್ಕದ ಗುಬ್ಬಿಯಲ್ಲಿ ವೆಸ್ಲಿಯನ್ ಪಾದ್ರಿಗಳು 1830ರ ದಶಕದಲ್ಲೇ ಠಾಣ್ಯ ಹೂಡಿದ್ದರು. ಅವರಲ್ಲೊಬ್ಬ, ವಿಲಿಯಂ ಆರ್ಥರ್ ಎಂಬ ಐರಿಷ್ ತರುಣ, ಕಣ್ಣು ಕೆಟ್ಟು 1841ರಲ್ಲಿ ಊರಿಗೆ ಮರಳಿ, ಮೈಸೂರು ಸೀಮೆಯ ಅನುಭವಗಳನ್ನು 1847ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಅಂಥವರು ಸಂತೆಯಲ್ಲಿ ನಿಂತು ಬೋಧಿಸಿದರು, ಶಾಲೆ ತೆರೆದರು, ಬರೆದರು. ಮರಿಯಂ ಇದ್ಯಾವುದನ್ನೂ ಮಾಡಿದವಳಲ್ಲ. ಆಕೆಗೆ ಓದು ಬರಹ ಹತ್ತಲಿಲ್ಲ. ನಾಲ್ಕು ಗೋಡೆಯ ಒಳಗಿದ್ದಳು, ಮುಸುರೆ ಪಾತ್ರೆಗಳ ಜೊತೆ ಇದ್ದಳು.

ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯ ಪ್ರಾಂತ್ಯದ ಇಬಿಲ್ಲಿನ್ ಎಂಬ ಗುಡ್ಡದ ಹಳ್ಳಿಯಲ್ಲಿ. ಯೇಸು ಬೆಳೆದ ನಜರೇತು ಅಲ್ಲಿಗೆ ದೂರವಲ್ಲ. ಅರಬ್ಬೀ ಮಾತಾಡುವ ಗ್ರೀಕ್ ಕಥೋಲಿಕ ಕುಟುಂಬ. ತಂದೆ ಬಂದೂಕಿನ ಮದ್ದು ತಯಾರಿಸುವವನು. ಅವಳಿಗಿಂತ ಮುಂಚೆ ಹುಟ್ಟಿದ ಹನ್ನೆರಡು ಗಂಡುಮಕ್ಕಳು ಒಂದೂ ಉಳಿಯಲಿಲ್ಲವಂತೆ. ಗಂಡ ಹೆಂಡತಿ ಇಬ್ಬರೂ ಬೆತ್ಲಹೇಮಿಗೆ ಕಾಲ್ನಡಿಗೆಯಲ್ಲಿ ಹೋಗಿ, ಹೆಣ್ಣು ಮಗು ಕೊಡು ತಾಯಿ ಎಂದು ಮಾತೆ ಮರಿಯಳಲ್ಲಿ ಹರಕೆ ಹೊತ್ತರು. ಹುಟ್ಟಿದ ಮಗುವಿಗೆ ಅವಳ ಹೆಸರನ್ನೇ ಇಟ್ಟರು. ಆಮೇಲೆ ಬೂಲೋಸ್ ಎಂಬ ತಮ್ಮನೂ ಹುಟ್ಟಿದ. ಮರಿಯಂಗೆ ಮೂರು ತುಂಬುವ ಹೊತ್ತಿಗೆ ಅಪ್ಪ, ಅಮ್ಮ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ತಬ್ಬಲಿಗಳನ್ನು ನೆಂಟರು ಹಂಚಿಕೊಂಡರು. ಬೂಲೋಸ್ ತಾಯಿಯ ಕಡೆಯವರಲ್ಲಿಗೆ ಹೋದ, ಇವಳು ಅಪ್ಪನ ಕಡೆಯ ಚಿಕ್ಕಪ್ಪನ ಪಾಲಿಗೆ ಬಂದಳು. ಆತ ಸ್ಥಿತಿವಂತ. ಕೆಲವು ವರ್ಷಗಳಲ್ಲಿ ಸಂಸಾರ ಸಮೇತ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣಕ್ಕೆ ಹೋಗಿ ನೆಲೆಸಿದ.

ಹನ್ನೆರಡು ಹದಿಮೂರರ ವಯಸ್ಸಿಗೆ ಮದುವೆ ನಿಶ್ಚಯವಾಯಿತು. ಒಲ್ಲೆ ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ತಲೆಗೂದಲು ಕತ್ತರಿಸಿಕೊಂಡು ಚಿಕ್ಕಪ್ಪನ ಎದುರು ನಿಂತಳು. ಕೇಳುಗರಿಗೆ ಇಲ್ಲಿ ಅಕ್ಕಮಹಾದೇವಿ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ, ನನಗೂ ಬಂದಳು. ಆದರೆ ಅಕ್ಕ ಅರಮನೆ ಬಿಟ್ಟು ಹೊರಟು ಕಲ್ಯಾಣದ ಹಾದಿ ಹಿಡಿದಳು. ಈ ಹುಡುಗಿಗೆ ಹೊರಡಲು ಬಾಗಿಲಿರಲಿಲ್ಲ, ಎದುರುಗೊಳ್ಳಲು ಅನುಭವ ಮಂಟಪವೂ ಇರಲಿಲ್ಲ. ಚಿಕ್ಕಪ್ಪ ಅವಳನ್ನು ಅಡಿಗೆಮನೆಗೆ ತಳ್ಳಿ ಆಳುಗಳಿಗಿಂತ ಕೆಳಗಿನ ಕೆಲಸಕ್ಕೆ ಹಚ್ಚಿದ. ಶಿಕ್ಷೆಯಾಗಿ ಬಂದ ಅಡಿಗೆಮನೆಯನ್ನು ಮುಂದೆ ಬೇರೆ ದಾರಿ ತೆರೆದಾಗಲೂ ಅವಳು ಬಿಡಲಿಲ್ಲ. ಈ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಆಮೇಲಿನದು ಭೀಕರ. ತಮ್ಮನಿಗೆ ಒಂದು ಕಾಗದ ಮುಟ್ಟಿಸಬೇಕೆಂದು, ಮನೆಗೆಲಸಕ್ಕಿದ್ದ ಪರಿಚಯದವನೊಬ್ಬನನ್ನು ಹುಡುಕಿಕೊಂಡು ಹೋದಳು. ಮಾತು ಧರ್ಮದ ಕಡೆ ಹೊರಳಿತು. ನಿನ್ನ ಮತ ಬಿಡು ಎಂದ, ಬಿಡಲಾರೆ ಎಂದಳು. ಆತ ಸಿಟ್ಟಿನ ಭರದಲ್ಲಿ ಅವಳ ಕುತ್ತಿಗೆ ಕೊಯ್ದು, ಸತ್ತಳೆಂದು ಓಣಿಯಲ್ಲಿ ಎಸೆದು ಹೋದ. ಇದು 1858ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದದ್ದು. ಎಚ್ಚರವಾದಾಗ ಒಂದು ಗುಹೆಯಲ್ಲಿದ್ದೆ, ನೀಲಿ ಉಡುಗೆಯ ಹೆಂಗಸೊಬ್ಬಳು ಆರೈಕೆ ಮಾಡುತ್ತಿದ್ದಳು ಎಂದು ಮರಿಯಂ ಮುಂದೆ ಹೇಳಿಕೊಂಡಳು. ಆ ಹೆಂಗಸು ಮಾತೆ ಮರಿಯಳೇ ಎಂಬುದು ಅವಳ ನಂಬಿಕೆ. ನಂಬುವುದು ಬಿಡುವುದು ಕೇಳುವವರಿಗೆ ಸೇರಿದ್ದು. ಕುತ್ತಿಗೆಯ ಮೇಲಿನ ಉದ್ದನೆಯ ಗಾಯದ ಗುರುತನ್ನು ಮಾತ್ರ ಮುಂದೆ ವೈದ್ಯರು ಕಣ್ಣಾರೆ ನೋಡಿದರು. ಅವಳ ಧ್ವನಿ ಸಾಯುವವರೆಗೂ ಒಡಕಲಾಗಿಯೇ ಇತ್ತು.

ಚಿಕ್ಕಪ್ಪನ ಮನೆಗೆ ಮತ್ತೆ ಹೋಗಲಿಲ್ಲ. ಅಲೆಕ್ಸಾಂಡ್ರಿಯಾ, ಜೆರುಸಲೇಂ, ಬೈರೂತು ಎಂದು ಊರೂರು ಸುತ್ತಿ ಮನೆಗೆಲಸ ಮಾಡಿದಳು. ಸಿಕ್ಕ ಸಂಬಳದಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಡವರಿಗೆ ಕೊಟ್ಟುಬಿಡುತ್ತಿದ್ದಳು. ಒಂದು ಮನೆಯಲ್ಲಿ ನೆಲೆಯೂರಿ ಒಳ್ಳೆಯ ಹೆಸರು ಬರುತ್ತಲೇ ಆ ಮನೆ ಬಿಟ್ಟು ಹೊರಡುತ್ತಿದ್ದಳು. ನಮ್ಮ ಆಯ್ದಕ್ಕಿ ಲಕ್ಕಮ್ಮನ ಕತೆ ಗೊತ್ತಲ್ಲ, ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಅಟ್ಟಿದವಳು. ಬಡತನವನ್ನು ಕಷ್ಟವೆಂದು ಎಣಿಸದೆ ಲೆಕ್ಕವೆಂದು ಹಿಡಿದ ಹೆಣ್ಣುಮಕ್ಕಳು ಇವರು. ಇಂದಿಗೆ ಎಷ್ಟು ಬೇಕೋ ಅಷ್ಟು.

1863ರಲ್ಲಿ ಒಂದು ಕುಟುಂಬದ ಅಡಿಗೆಯವಳಾಗಿ ಫ್ರಾನ್ಸಿನ ಮಾರ್ಸೇಲ್ಸ್ ರೇವುಪಟ್ಟಣಕ್ಕೆ ಹೋದಳು. ಎರಡು ವರ್ಷದ ನಂತರ ಅಲ್ಲಿನ ಸಂತ ಜೋಸೆಫರ ಸಭೆಯ ಮಠಕ್ಕೆ ಉಮೇದುವಾರಳಾಗಿ ಸೇರಿದಳು. ಅಲ್ಲೂ ಅಡಿಗೆ, ಅಲ್ಲೂ ಬಟ್ಟೆ ಒಗೆತ. ಕೈಕಾಲುಗಳಲ್ಲಿ ಯೇಸುವಿನ ಶಿಲುಬೆಯ ಗಾಯಗಳಂಥ ಗುರುತುಗಳು ಮೂಡುವುದು, ಪ್ರಾರ್ಥನೆಯ ನಡುವೆ ಮೈಮರೆಯುವುದು ಆಗಲೇ ಶುರುವಾಗಿತ್ತು. ಇದು ನಮ್ಮ ಮಠಕ್ಕೆ ಹೊಂದುವ ಪೈಕಿ ಅಲ್ಲ ಎಂದು ಅಲ್ಲಿನ ಸಹೋದರಿಯರು ಮತ ಹಾಕಿ ಬೇಡವೆಂದರು. ಆಗ ಅವಳ ಕೈ ಹಿಡಿದವಳು ವೆರೋನಿಕಾ ಎಂಬ ಸನ್ಯಾಸಿನಿ. ಹುಟ್ಟುಹೆಸರು ಸೋಫಿ ಲೀವ್ಸ್, ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಆಂಗ್ಲಿಕನ್ ಪಾದ್ರಿಯ ಮಗಳು, ತಾನಾಗಿ ಕಥೋಲಿಕಳಾದವಳು. ಮರಿಯಂ ಸಿಗುವ ಮುಂಚೆ ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯಲ್ಲಿ ಶಾಲೆ ನಡೆಸಿ ಬಂದಿದ್ದಳು. ಈ ಕರಾವಳಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಲೆಂದೇ ಸನ್ಯಾಸಿನಿಯರ ಹೊಸ ಸಭೆ ಕಟ್ಟಬೇಕೆಂಬುದು ಅವಳ ಹಂಬಲ. ಅದಕ್ಕೆ ತಯಾರಾಗಲು ತಾನು ಪೋ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಹೊರಟಾಗ, 1867ರ ಜೂನ್‌ನಲ್ಲಿ, ಮರಿಯಂಳನ್ನೂ ಜೊತೆಗೆ ಕರೆದುಕೊಂಡು ಹೋದಳು.

ಕಾರ್ಮೆಲ್ ಮಠ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪೇನಿನ ಆವಿಲಾ ಊರಿನ ತೆರೇಸಾ 1562ರಲ್ಲಿ ಸುಧಾರಿಸಿ ಕಟ್ಟಿದ ಕಟ್ಟುನಿಟ್ಟಿನ ಪರಂಪರೆ ಇದು. ಒಮ್ಮೆ ಒಳಗೆ ಹೋದ ಸನ್ಯಾಸಿನಿ ಹೊರಗೆ ಬರುವುದಿಲ್ಲ. ನೆಂಟರು ಬಂದರೂ ಜಾಲರಿಯ ಆಚೆಯಿಂದಲೇ ಮಾತು. ಜೀವಮಾನವಿಡೀ ಮಾಂಸ ವರ್ಜ್ಯ, ಸೆಪ್ಟೆಂಬರ್ ಮಧ್ಯದಿಂದ ಈಸ್ಟರ್ ಹಬ್ಬದವರೆಗೆ ಉಪವಾಸದ ಕಾಲ, ಹುಲ್ಲಿನ ಹಾಸಿಗೆ, ಒರಟು ಉಣ್ಣೆಯ ಉಡುಪು, ಹಗ್ಗದ ಚಪ್ಪಲಿ. ನಮ್ಮ ಕಡೆಯ ಹಿರಿಯರಿಗೆ ಇದನ್ನು ಹೇಳಿದರೆ, ಇದು ನಮ್ಮ ವಿರಕ್ತ ಮಠದ ಹಾಗೇ ಇದೆಯಲ್ಲ ಎನ್ನುತ್ತಾರೆ.

ಇಷ್ಟು ಕಠಿಣವಾದ, ಎಲ್ಲವನ್ನೂ ಬಿಟ್ಟವರ ಮಠದಲ್ಲೂ ಅಂದು ಎರಡು ದರ್ಜೆ ಇತ್ತು. ಒಂದು, ಗಾಯನ ಮಂಟಪದ ಸನ್ಯಾಸಿನಿಯರು. ಮನೆಯಿಂದ ವರದಕ್ಷಿಣೆಯಂಥ ಹಣ ತಂದವರು, ಓದು ಬಲ್ಲವರು, ಲ್ಯಾಟಿನ್ ಪ್ರಾರ್ಥನೆಗಳನ್ನು ಹೊತ್ತುಹೊತ್ತಿಗೆ ಹಾಡುವವರು. ಕಪ್ಪು ಮುಸುಕು, ಮಠದ ತೀರ್ಮಾನಗಳಲ್ಲಿ ಮತ. ಇನ್ನೊಂದು, ಕೈಕೆಲಸದ ಸಹೋದರಿಯರು. ಅಡಿಗೆ, ಒಗೆತ, ಕಸಮುಸುರೆ, ಕೈತೋಟ ಇವರದ್ದು. ಬಿಳಿ ಮುಸುಕು, ಮತವಿಲ್ಲ. ಪೋ ಮಠದವರು ಮರಿಯಂ ಮೇಲಿನ ಅಕ್ಕರೆಗೆ ಅವಳನ್ನು ಮೇಲಿನ ದರ್ಜೆಗೇ ಸೇರಿಸಿಕೊಂಡು ಓದು ಕಲಿಸಲು ನೋಡಿದರು. ಅರಬ್ಬೀ ಬಿಟ್ಟರೆ ಅರೆಬರೆ ಫ್ರೆಂಚ್ ಮಾತ್ರ ಬಲ್ಲ ಅವಳಿಗೆ ಲ್ಯಾಟಿನ್ ಪುಸ್ತಕ ಒಲಿಯಲಿಲ್ಲ. ನನ್ನನ್ನು ಕೆಲಸದವರ ಜೊತೆಗೇ ಬಿಡಿ ಎಂದು ಅಂಗಲಾಚಿ 1870ರಲ್ಲಿ ಬಿಳಿ ಮುಸುಕಿನವರ ಜೊತೆ ಸೇರಿದಳು. ತನ್ನನ್ನು ತಾನು ಏನೂ ಅಲ್ಲದ ಪುಟ್ಟವಳು ಎಂದೇ ಕರೆದುಕೊಳ್ಳುತ್ತಿದ್ದಳು.

ಈ ಕತೆಯನ್ನು ನಮ್ಮ ಕಡೆ ಕೊಬ್ಬರಿ ಕೆಲಸಕ್ಕೆ ಹೋಗುವ ಹೆಂಗಸೊಬ್ಬರಿಗೆ ಹೇಳುತ್ತಿದ್ದೆ. ಕೇಳುಗರಲ್ಲಿ ಪಟ್ಟಣದವರು ಇದ್ದರೆ ಅವರಿಗಾಗಿ ಒಂದು ಮಾತು: ತಿಪಟೂರಿನ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿಸಿದ್ದಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆಮೇಲೆ ಸುಲಿದು, ಚಿಪ್ಪಿನ ಸುತ್ತ ಹದವಾಗಿ ಏಟು ಕೊಟ್ಟು ಬಿಡಿಸಬೇಕು. ಏಟು ಒಂದಿಷ್ಟು ಜೋರಾದರೆ ಉಂಡೆ ಒಡೆದು ಹೋಳಾಗುತ್ತದೆ, ಹೋಳಿಗೆ ಉಂಡೆಯ ದರ ಸಿಗುವುದಿಲ್ಲ. ಆ ಹೆಂಗಸು ಕೈಯಲ್ಲಿದ್ದ ಕಾಯಿಯ ಚಿಪ್ಪು ತಟ್ಟುತ್ತಲೇ, ತಲೆ ಎತ್ತದೆ ಕೇಳಿದರು: “ಮಠದಾಗೂ ಹಂಗೇನಾ ಮೇಷ್ಟ್ರೇ? ಮುಸುರೆ ತಿಕ್ಕೋರೇ ಬ್ಯಾರೆ, ಪೂಜೆಗ್ ಕೂರೋರೇ ಬ್ಯಾರೆನಾ?” ಹೌದು ಎಂದೆ. “ಮತ್ತೆ ದೇವ್ರು ಯಾರ ಕಡೀಕಿದ್ದ?” ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಕಾಯಿಗೆ ಕೈ ಹಾಕಿದ್ದರು. ರೋಮಿನ ಸಭೆಗೆ ಈ ಪ್ರಶ್ನೆ ತಟ್ಟಲು ಬಹಳ ಕಾಲ ಹಿಡಿಯಿತು. ಸನ್ಯಾಸಿನಿಯರ ಮಠಗಳಲ್ಲಿ ಈ ಮೇಲುಕೀಳು ದರ್ಜೆ ಹೋಗಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ.

ಮಂಗಳೂರಿಗೆ ಬರೋಣ. ಆಗ ಅಲ್ಲಿ ಬಿಷಪ್ ಆಗಿದ್ದವರು ಮರೀ ಎಫ್ರೇಂ, ಸ್ವತಃ ಕಾರ್ಮೆಲ್ ಸಭೆಯವರು. ಮಂಗಳೂರಿನಲ್ಲೊಂದು ಕಾರ್ಮೆಲ್ ಮಠ ಆಗಬೇಕೆಂದು ಪೋ ಮಠದಿಂದ ಸನ್ಯಾಸಿನಿಯರನ್ನು ಕೇಳಿ ಪಡೆದರು. 1870ರ ಆಗಸ್ಟ್‌ನಲ್ಲಿ ತಂಡ ಹೊರಟಿತು. ಶಾಲೆ ನಡೆಸಲೆಂದು ವೆರೋನಿಕಾ ತಯಾರು ಮಾಡಿದ್ದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಹೋದರಿಯರೂ ಅದೇ ವರ್ಷ ಮಂಗಳೂರು ಸೇರಿದರು. ಸೂಯೆಜ್ ಕಾಲುವೆ ತೆರೆದು ವರ್ಷವೂ ತುಂಬಿರಲಿಲ್ಲ. ಕೆಂಪು ಸಮುದ್ರದ ಧಗೆ, ಒರಟು ಉಣ್ಣೆಯ ಉಡುಪು, ಜ್ವರ. ಮಠ ಕಟ್ಟಲು ಹೊರಟವರ ಪೈಕಿ ಮೂವರು ಮಂಗಳೂರು ಕಾಣುವ ಮುಂಚೆಯೇ ತೀರಿಕೊಂಡರು, ಮುಖ್ಯಸ್ಥೆಯಾಗಿ ಬರುತ್ತಿದ್ದ ಮದರ್ ಎಲಿಯಾಸ್ ಕೂಡ. ಉಳಿದವರು ನವೆಂಬರ್‌ನಲ್ಲಿ ಮಂಗಳೂರು ತಲುಪಿದರು. ಜನವಿಲ್ಲದ, ಹಣವಿಲ್ಲದ, ಭಾಷೆ ಬಾರದ ಹೊಸ ಮಠದಲ್ಲಿ ಮೈಮುರಿದು ದುಡಿಯುವ ಇಪ್ಪತ್ತನಾಲ್ಕು ವರ್ಷದ ಮರಿಯಂ ಎಷ್ಟು ಬೇಕಾಗಿದ್ದಳೋ ಊಹಿಸಿ.

ಅಂದಿನ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಪಟ್ಟಣ. ಬಾಸೆಲ್ ಮಿಷನ್‌ನವರ ಹಂಚಿನ ಕಾರ್ಖಾನೆ ಶುರುವಾಗಿ ಐದು ವರ್ಷವಾಗಿತ್ತು. ಅಲ್ಲಿಯೂ ತೆಂಗಿನ ಮರಗಳೇ, ಆದರೆ ನಮ್ಮ ಮಳೆಗೂ ಆ ಮಳೆಗೂ ಹೋಲಿಕೆಯಿಲ್ಲ. 1871ರ ಮಳೆಗಾಲ ಕಳೆದು ನವೆಂಬರ್ 21ರಂದು, ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಮರಿಯಂ ತೊಟ್ಟಳು. ಶಿಲುಬೆಗೇರಿದ ಯೇಸುವಿನ ಮರಿಯಂ ಎಂಬುದು ಮಠದಲ್ಲಿ ಅವಳ ಹೆಸರು. ಭಾರತದ ನೆಲದಲ್ಲಿ ವ್ರತ ತೊಟ್ಟ ಮೊದಲ ಕಾರ್ಮೆಲ್ ಸನ್ಯಾಸಿನಿ ಅವಳೆಂದು ಆ ಸಭೆಯವರು ಹೇಳುತ್ತಾರೆ.

ಅಲ್ಲಿಂದಾಚೆಗೆ ಪರಿಸ್ಥಿತಿ ಕೆಡುತ್ತಾ ಹೋಯಿತು. ಪೋ ಮಠದವರು ದೇವರ ಕೃಪೆಯೆಂದು ಕಂಡಿದ್ದ ಮೈಮರೆವು, ದರ್ಶನ, ಗಾಯದ ಗುರುತುಗಳನ್ನು ಮಂಗಳೂರಿನಲ್ಲಿ ಹೊಸ ಮುಖ್ಯಸ್ಥೆಯೂ ಬಿಷಪ್ಪರೂ ಶಂಕಿಸಿದರು. ಬರಿ ಭ್ರಮೆ ಎಂದರು, ಸೈತಾನನ ಆಟ ಎಂದರು. ಕೆಲವರು ಅವಳ ಬೆಂಬಲಕ್ಕೂ ನಿಂತರು. ಚಿಕ್ಕ ಮಠ ಎರಡು ಪಾಲಾಯಿತು. 1872ರ ಸೆಪ್ಟೆಂಬರ್‌ನಲ್ಲಿ ಅವಳನ್ನು ಫ್ರಾನ್ಸಿಗೆ ಹಡಗು ಹತ್ತಿಸಿದರು. ಬಿಷಪ್ಪರು ಮುಂದಿನ ವರ್ಷವೇ ಕಾಲವಾದರು.

ಈ ಭಾಗವನ್ನು ಹೇಳುವಾಗ ಬಿಷಪ್ಪರನ್ನು ಖಳರನ್ನಾಗಿಸುವುದು ಸುಲಭ, ಭಕ್ತರು ಬರೆದ ಕೆಲವು ಚರಿತ್ರೆಗಳಲ್ಲಿ ಅದು ನಡೆದೂ ಇದೆ. ನನಗೆ ಹಾಗನ್ನಿಸುವುದಿಲ್ಲ. ಮೈಮೇಲೆ ದೇವರು ಬರುತ್ತಾನೆ ಎನ್ನುವವರನ್ನೆಲ್ಲ ಕೂಡಲೇ ನಂಬುವ ಗುರುವಿಗಿಂತ ಅನುಮಾನಿಸುವ ಗುರುವೇ ಮೇಲು. ಮೂವರ ಸಾವಿನಿಂದ ನಲುಗಿದ ಹೊಸ ಮಠ, ಪರದೇಶ, ಜವಾಬ್ದಾರಿ ಹೊತ್ತವರ ಗಾಬರಿ, ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಒಂದನ್ನು ಗಮನಿಸಿ. ಅವಳ ದರ್ಶನಗಳ ವಿಷಯದಲ್ಲಿ ಪರ ವಿರೋಧ ಎರಡೂ ಇದ್ದವು. ಅವಳ ದುಡಿಮೆಯ ವಿಷಯದಲ್ಲಿ ತಕರಾರು ಎತ್ತಿದವರು ಕಾಣುವುದಿಲ್ಲ. ಓದಲು ಬಾರದ, ಮತವಿಲ್ಲದ ಬಿಳಿ ಮುಸುಕಿನವಳಿಗೆ ದೇವರು ನೇರ ಮಾತಾಡುತ್ತಾನೆಂದರೆ ನಂಬಲು ಇನ್ನಷ್ಟು ಕಷ್ಟವಾಯಿತೇನೋ ಎಂಬ ಗುಮಾನಿ ನನಗಿದೆ. ಇದು ನನ್ನ ಊಹೆ, ದಾಖಲೆಯ ಮಾತಲ್ಲ.

ಪೋ ಮಠಕ್ಕೆ ಮರಳಿದವಳು ಮತ್ತೆ ಅಡಿಗೆಮನೆ ಸೇರಿದಳು. ಆಮೇಲೆ ಬೆತ್ಲಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಬೇಕೆಂಬ ಹಟ ಹಿಡಿದಳು. ಬೆರ್ತ್ ದಾರ್ತಿಗೋ ಎಂಬ ಶ್ರೀಮಂತ ಮಹಿಳೆ ಹಣ ಒದಗಿಸಿದಳು. 1875ರಲ್ಲಿ ತಂಡ ಹೊರಟಿತು. ಅಲ್ಲಿ ಒಂದು ತಮಾಷೆ ನಡೆಯಿತು. ಲ್ಯಾಟಿನ್ ಬಲ್ಲ ಕಪ್ಪು ಮುಸುಕಿನವರಿಗೆಲ್ಲ ಗಾರೆಯವರ ಜೊತೆ, ಕಲ್ಲಿನವರ ಜೊತೆ ಒಂದು ಮಾತಾಡಲು ಬಾರದು. ಅರಬ್ಬೀ ಬಲ್ಲವಳು ಇವಳೊಬ್ಬಳೇ! ಹೀಗಾಗಿ ಅಕ್ಷರ ಬಾರದ ಕೆಲಸದ ಸಹೋದರಿಯೇ ಕಟ್ಟಡದ ಉಸ್ತುವಾರಿ ಹೊತ್ತಳು. ಬೆತ್ಲಹೇಮಿನ ಗುಡ್ಡದ ಮೇಲೆ ಬುರುಜಿನಂತೆ ದುಂಡಗೆ ಎದ್ದ ಆ ಮಠ ಈಗಲೂ ನಿಂತಿದೆ. ನಜರೇತಿನಲ್ಲಿ ಇನ್ನೊಂದು ಮಠಕ್ಕೂ ಜಾಗ ನೋಡಿದಳು.

1878ರ ಆಗಸ್ಟ್ 22ರಂದು ಕೆಲಸಗಾರರಿಗೆ ಕುಡಿಯಲು ನೀರು ಹೊತ್ತು ಹೋಗುವಾಗ ಎಡವಿ ಬಿದ್ದಳು. ತೋಳಿನ ಮೂಳೆ ಮುರಿಯಿತು. ಗಾಯ ಕೊಳೆತು ನಂಜು ಮೈಗೆ ಏರಿತು. 26ರ ಬೆಳಗಿನ ಜಾವ ತೀರಿಕೊಂಡಳು. ಮೂವತ್ತೆರಡು ವರ್ಷ. ಪೋಪ್ ಎರಡನೇ ಜಾನ್ ಪಾಲ್ 1983ರ ನವೆಂಬರ್‌ನಲ್ಲಿ ಆಕೆಯನ್ನು ಧನ್ಯಳೆಂದು ಸಾರಿದರು. 2015ರದನ್ನು ಆಗಲೇ ಹೇಳಿದೆ.

ಅವಳ ಜೊತೆಗಾರ್ತಿಯರು ಮಂಗಳೂರಿನಲ್ಲಿ ಬಿಟ್ಟುಹೋದದ್ದು ಸಣ್ಣದಲ್ಲ. ಅಪೊಸ್ತಲಿಕ್ ಕಾರ್ಮೆಲ್ ಸಹೋದರಿಯರ ಶಾಲೆಗಳು ಬೆಳೆದು, 1921ರಲ್ಲಿ ಅವರು ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನೂ ತೆರೆದರು. ಮರಿಯಂ ವ್ರತ ತೊಟ್ಟ ಪರಂಪರೆಯ ಮಠ ಕಂಕನಾಡಿಯಲ್ಲಿದೆ. ನಮ್ಮ ತಿಪಟೂರಿನ ಮೇಲೆ ಹಾದುಹೋಗುವ 73ನೇ ನಂಬರಿನ ಹೆದ್ದಾರಿ ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರನ್ನೇ ಮುಟ್ಟುತ್ತದೆ. ಧರ್ಮಸ್ಥಳಕ್ಕೆ ಹರಕೆ ತೀರಿಸಲು ಹೋದ ನಮ್ಮವರು ಸಮುದ್ರ ನೋಡಿಕೊಂಡು ಬರೋಣವೆಂದು ಮಂಗಳೂರಿಗೂ ಹೋಗುವುದುಂಟು. ಹೋದಾಗ ಕಂಕನಾಡಿಯ ಆ ಮಠದ ಕಡೆಗೂ ಒಂದು ಹೆಜ್ಜೆ ಹಾಕಬಹುದು. ಒಳಗಿನವರು ಹೊರಗೆ ಬಂದು ಮಾತಾಡಿಸುತ್ತಾರೆಂದು ಮಾತ್ರ ಕಾಯಬೇಡಿ, ಅದು ಅವರ ಪದ್ಧತಿಯಲ್ಲ.